ಒಡೆಯರಿಲ್ಲದ ದನಿ

ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ಬರೆದ. ಅದನ್ನು ಹೊಡೆದುಹಾಕಿ, ಕೈ ಒದ್ದೆಯಿದ್ದಾಗ ಮುಟ್ಟಬೇಡಿ ಎಂದು ಬರೆದ. ಎರಡರಲ್ಲಿ ಯಾವುದು ಹೆಚ್ಚು ಹೆದರಿಸುತ್ತದೆ ಎಂದು ತೂಗಿ ನೋಡುವ ನೆಪದಲ್ಲಿ, ಮೇಜಿನ ಅಂಚಿನಲ್ಲಿ ಬೋರಲಾಗಿದ್ದ ಫೋನನ್ನು ಬೆರಳಿನಿಂದ ಮಗುಚಿ ನೋಡಿದ. ಜಾಲತಾಣದಲ್ಲಿ ಅವನು ಬರೆದ ಮಾತಿಗೆ ಮೆಚ್ಚುಗೆ ಒತ್ತಿದವರ ಸಂಖ್ಯೆ ಬೆಳಿಗ್ಗೆ ಹಲ್ಲುಜ್ಜುವಾಗ ಇದ್ದದ್ದಕ್ಕಿಂತ ಮೇಲೇರಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಾಗ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುವ ಹಾಗೆ, ನಾಲ್ಕಾರು ದಿನದಿಂದ ಅವನ ಮನಸ್ಸು ಒಂದೇ ಕಡೆ ಹೋಗಿ ಮುಟ್ಟಿ ಬರುತ್ತಿತ್ತು. ಫೋನನ್ನು ಮತ್ತೆ ಬೋರಲು ಹಾಕಿದ. ಕೈ ಒದ್ದೆಯಿದ್ದಾಗ ಎನ್ನುವುದೇ ಸರಿ ಎನ್ನಿಸಿತು. ಓದುವವನು ಆಗ ತನ್ನ ಕೈ ನೋಡಿಕೊಳ್ಳುತ್ತಾನೆ.

ಮನೆಬಳಕೆಯ ಯಂತ್ರಗಳಿಗೆ ಕೈಪಿಡಿ ಬರೆಯುವುದು ಅವನ ಕೆಲಸ. ಮಿಕ್ಸರಿಗೆ, ಪಂಪಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಬರೆದು ಮುಗಿಸಿ ಈಗ ನೀರು ಕಾಯಿಸುವ ಹೀಟರಿಗೆ ಬಂದಿದ್ದ. ಜನ ಪೆಟ್ಟಿಗೆ ಒಡೆದ ಕೂಡಲೇ ಯಂತ್ರವನ್ನು ಎತ್ತಿಕೊಂಡು ಕೈಪಿಡಿಯನ್ನು ಹಳೆಯ ಪೆಟ್ಟಿಗೆಯಲ್ಲೇ ಬಿಡುತ್ತಾರೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. "ನನ್ನ ತಮ್ಮ ದೊಡ್ಡ ಲೇಖಕ, ಯಾರೂ ಓದದ ಪುಸ್ತಕ ಬರೀತಾನೆ" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು, ಅವನೂ ನಗುತ್ತಿದ್ದ, ಆಮೇಲೆ ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಿರುತ್ತಿದ್ದ. ಅವನನ್ನು ಓದುವವರು ಸಿಕ್ಕಿದ್ದು ಕಟ್ಟೆಯಲ್ಲಿ. ಕಟ್ಟೆಯೆಂದರೆ ಇಂಟರ್‌ನೆಟ್ಟಿನಲ್ಲಿ ವಾದದ ಚಟವಿರುವವರು ಸೇರುವ ಜಾಗ. ಅಲ್ಲಿ ಅವನ ಹೆಸರು 'ತಿರುಪು'. ಕೊಂಡ ಯಂತ್ರದ ತಿರುಪು ಬಿಚ್ಚುವ ಹಕ್ಕು ಕೊಂಡವನಿಗಿದೆಯೋ ಇಲ್ಲವೋ, ಫೋನಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುವುದು ಮೋಸವೋ ಅಲ್ಲವೋ, ಕೊಂಡ ಹಾಡನ್ನು ಗೆಳೆಯನಿಗೆ ಕೊಟ್ಟರೆ ಅದು ಸ್ನೇಹವೋ ಕಳ್ಳತನವೋ — ಯಾವುದೇ ವಿಷಯವಿರಲಿ, ತಿರುಪು ಬಂದನೆಂದರೆ ಉಳಿದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ ಎಂದು ಯಾರೋ ಒಮ್ಮೆ ಬರೆದಿದ್ದರು. ಆ ಮಾತನ್ನು ಅವನು ಕಾಪಿ ಮಾಡಿಟ್ಟುಕೊಂಡಿದ್ದ.

ಮನೆಯಲ್ಲಿ ಅವನು ಯಾವತ್ತೂ ಗೆದ್ದವನಲ್ಲ. ಅಕ್ಕ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ದಿನವಿಡೀ ಜನರ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು, ಪ್ರಶ್ನೆ ಹುಟ್ಟುವ ಮೊದಲೇ ಅದರ ಕುತ್ತಿಗೆ ಹಿಡಿಯುವುದನ್ನು ಕಲಿತಿದ್ದಳು. ಅವಳ ನಾಲಿಗೆಗೆ ಎಲುಬೂ ಇರಲಿಲ್ಲ, ಲಗಾಮೂ ಇರಲಿಲ್ಲ. ಅವನು ಒಂದು ಅಂದರೆ ಅವಳು ಅದನ್ನು ತಿರುಗಿಸಿ, ಮಡಚಿ, ಅವನ ಜೇಬಿಗೇ ತುರುಕುವಳು. ಅವನಿಗೆ ಸರಿಯಾದ ಉತ್ತರ ಹೊಳೆಯುವ ಹೊತ್ತಿಗೆ ಅವಳು ತಟ್ಟೆ ತೊಳೆದು ಮಲಗಿಯಾಗಿರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಅಕ್ಕ ಬಾಚಣಿಗೆ ಹಿಡಿದವಳು ಬಾಚಣಿಗೆಯ ಹೆಸರು ಸಿಗದೆ ಅವನ ಮುಖ ನೋಡಿದಳು. ಮೆದುಳಿನ ಎಡಭಾಗದಲ್ಲಿ ರಕ್ತ ಕಟ್ಟಿತ್ತು. ಬಲಗೈ ಬಲಗಾಲು ಅರ್ಧ ಹೋದವು, ಮಾತು ಪೂರ್ತಿ ಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಅವನು ಅತ್ತದ್ದು ನಿಜ. ಆದರೆ ಅಳುವಿನ ಅಡಿಯಲ್ಲಿ, ತುಂಬ ಕೆಳಗೆ, ಮನೆಯಲ್ಲಿ ಇನ್ನು ಮೇಲೆ ಯಾರೂ ತನ್ನನ್ನು ನಗೆಪಾಟಲು ಮಾಡುವುದಿಲ್ಲ ಎಂಬ ಒಂದು ಸಣ್ಣ ತಂಪು ಹರಿದದ್ದೂ ನಿಜ. ಅದನ್ನು ಅವನು ಯಾರಿಗೂ ಹೇಳಿಲ್ಲ. ತನಗೆ ತಾನೇ ಹೇಳಿಕೊಳ್ಳುವಾಗಲೂ ಬೇರೆಯವರ ವಿಷಯವೆಂಬಂತೆ ಹೇಳಿಕೊಳ್ಳುತ್ತಾನೆ.

ಮಾತು ಕಲಿಸುವ ಟೀಚರು ಬರತೊಡಗಿದ ಮೇಲೆ ಮನೆಗೆ ಹಾಡು ಬಂತು. ಆಕೆ ಗಟ್ಟಿ ಗಂಟಲಿನ ನಡುವಯಸ್ಸಿನ ಹೆಂಗಸು, ದೊಡ್ಡ ಚೀಲ, ಕಾಲಲ್ಲಿ ಶೂಸು. "ಮಾತು ಬರೋ ರಸ್ತೆ ಕಟ್ಟಿದೆ. ಹಾಡು ಬರೋದು ಇನ್ನೊಂದು ರಸ್ತೇಲಿ. ಅದು ತೆರೆದಿದೆ. ಸುತ್ತಿ ಬಳಸಿ ಹೋಗೋಣ, ಏನೀಗ?" ಎಂದಿದ್ದಳು. ಅಕ್ಕನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸುತ್ತ ಒಂದೊಂದೇ ಅಕ್ಷರವನ್ನು ಎಳೆದು ಹಾಡಿಸಿದಳು. ತಿಂಗಳುಗಟ್ಟಲೆ ಗಾಳಿಯನ್ನು ಅಗಿದು ಅಗಿದು ಸೋತಿದ್ದ ಬಾಯಿಂದ ಒಂದು ದಿನ 'ನೀ...ರು ಬೇ...ಕು' ಎಂದು ಹೊರಬಂತು. ಕೊನೆಯ ಅಕ್ಷರ ಟೀಚರು ಹೇಳಿಕೊಟ್ಟ ಹಾಗೆ ಕೆಳಗೆ ಇಳಿಯದೆ, ಬಾಗಿಲಲ್ಲಿ ನಿಂತು ತಿರುಗಿ ನೋಡುವವರ ಹಾಗೆ, ಸ್ವಲ್ಪ ಮೇಲೆ ಹೋಗಿ ನಿಂತಿತು. ಅವನು ಅಡುಗೆಮನೆಯಿಂದ ಓಡಿಬಂದು ಫೋನಿನಲ್ಲಿ ಅದನ್ನು ಹಿಡಿದುಕೊಂಡ. ಮತ್ತೊಮ್ಮೆ ಅಕ್ಕ, ಇನ್ನೊಮ್ಮೆ ಅಕ್ಕ ಎಂದ. ಅಕ್ಕ ನಗುತ್ತಾ ಹಾಡಿದಳು. ನೀರು ಕೊಡಲು ಮಾತ್ರ ಅವನಿಗೆ ಮರೆತುಹೋಯಿತು. ಟೀಚರೇ ಎದ್ದು ತಂದುಕೊಟ್ಟಳು.

ಅದನ್ನು ಅವನು ಕಟ್ಟೆಗೆ ಹಾಕಿದ್ದು ಒಂದು ವಾದ ಗೆಲ್ಲಲಿಕ್ಕೆ. ಎದುರಾಳಿ 'ಹಳೇಕೋಟು' ಎಂಬ ಹೆಸರಿನವನು. ಗಂಡಸೋ ಹೆಂಗಸೋ, ಮುದುಕನೋ ಪಡ್ಡೆಯೋ, ಯಾರಿಗೂ ಗೊತ್ತಿಲ್ಲ. ಬೈಯದೆ, ನಗಿಸದೆ, ಗುಮಾಸ್ತನ ಹಾಗೆ ಸಣ್ಣ ಸಣ್ಣ ವಾಕ್ಯ ಬರೆಯುವವನು. ಡಿಜಿಟಲ್ ಸಂಗೀತಕ್ಕೆ ಕಾಪಿರೈಟು ಬೇಕೇ ಎಂಬ ಚರ್ಚೆ ನಾಲ್ಕು ದಿನ ಎಳೆದಿತ್ತು. ಹಾಡಿದವರ ಒಪ್ಪಿಗೆ ಇಲ್ಲದೆ ಹಾಡು ದಾಟಬಾರದು ಎಂಬ ಒಂದೇ ಗೂಟಕ್ಕೆ ಹಳೇಕೋಟು ತನ್ನನ್ನು ಕಟ್ಟಿಕೊಂಡಿದ್ದ. ತಿರುಪು ಎಷ್ಟು ಸುತ್ತಿದರೂ ಅದು ಅಲ್ಲಾಡಲಿಲ್ಲ. ಆಗ, ಭಾನುವಾರ ಮಧ್ಯಾಹ್ನ, ಪಕ್ಕದ ಕೋಣೆಯಲ್ಲಿ ಅಕ್ಕ ನಿದ್ದೆ ಮಾಡುತ್ತಿದ್ದಾಗ, ಅವನು ಆ ದನಿಯನ್ನು ಅಂಟಿಸಿ ಬರೆದ: ಈ ಜೀವ ತನ್ನ ಮಾತನ್ನೆಲ್ಲ ಕಳೆದುಕೊಂಡಿದೆ, ರಾಗವೊಂದರಿಂದಲೇ ಉಸಿರಾಡುತ್ತಿದೆ, ಈಗ ಹೇಳಿ, ಈ ರಾಗ ಯಾರ ಸ್ವತ್ತು? ರಾಗ ಗಾಳಿ. ಒಡೆಯರಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಿ. ಕಟ್ಟೆಯಲ್ಲಿ ಮೆಚ್ಚುಗೆಯ ಮಳೆ ಸುರಿಯಿತು. ಕಣ್ಣೀರು ಬಂತು ಎಂದವರೆಷ್ಟೋ ಮಂದಿ. ಹಳೇಕೋಟು ಮಾತ್ರ 'ಅವರನ್ನು ಕೇಳಿದ್ದೀರಾ?' ಎಂದು ಕೇಳಿದ. ತಿರುಪು ಉಸಿರು ಬಿಡದೆ ಉತ್ತರ ಬರೆದ: 'ಬೀಸುವ ಮೊದಲು ಗಾಳಿ ಮರವನ್ನು ಕೇಳುತ್ತದೆಯೇ?' ಆ ಸಾಲು ಎಷ್ಟು ಸಲೀಸಾಗಿ ಬಂತೆಂದರೆ ಅವನು ಕುರ್ಚಿಯಿಂದ ಎದ್ದು ಕೋಣೆಯೊಳಗೇ ಒಂದು ಸುತ್ತು ಹಾಕಿದ. ಹಳೇಕೋಟು ಮತ್ತೆ ಬರೆಯಲಿಲ್ಲ.

"ಸಾರ್, ಇದು ಕೇಳಿದ್ರಾ?" ನಕ್ಷೆಗಾರ ತನ್ನ ಕುರ್ಚಿಯನ್ನು ಗಾಲಿಯ ಮೇಲೆ ಉರುಳಿಸಿಕೊಂಡು ಬಂದ. ಕೈಪಿಡಿಗೆ ಚಿತ್ರ ಬರೆಯುವವನು, ಎಲ್ಲ ಯಂತ್ರಗಳಿಗೂ ನಗುಮುಖ ಬರೆದು ಬೈಸಿಕೊಳ್ಳುವವನು. ಅವನ ಫೋನಿನಲ್ಲಿ ಒಂದು ನಲ್ಲಿ ಕುಣಿಯುತ್ತಿತ್ತು. ಕೈಕಾಲು ಬಂದ ನಲ್ಲಿ, ಸೊಂಟ ಬಳುಕಿಸುತ್ತ, ತೊಟ್ಟಿಕ್ಕುತ್ತ. ಹಿಂದೆ ಡಬ್ ಡಬ್ ಎಂದು ಡ್ರಮ್ಮು. ಡ್ರಮ್ಮಿನ ಮೇಲೆ, ಕತ್ತರಿಸಿ, ಮತ್ತೆ ಮತ್ತೆ ಜೋಡಿಸಿ, ನೀ ನೀ ನೀ ನೀರು, ಬೇ ಬೇ ಬೇಕು. ಕೊನೆಯ ಅಕ್ಷರ ಮೇಲೆ ಹೋಗಿ ನಿಲ್ಲುವಲ್ಲಿ ನಲ್ಲಿ ಕಣ್ಣು ಮಿಟುಕಿಸುತ್ತಿತ್ತು. ಅದು ಅಕ್ಕನ ದನಿ. "ನಲ್ಲಿಯಮ್ಮ ಅಂತ ಹೆಸರು ಸಾರ್. ಬೆಳಿಗ್ಗೆಯಿಂದ ನಮ್ಮನೇಲಿ ಇದೇ. ನನ್ನ ಹೆಂಡತಿ ಇದನ್ನ ಹಾಡಿಕೊಂಡೇ ಟಿಫನ್ ಡಬ್ಬಿ ಕಟ್ಟಿದ್ಲು." ನಕ್ಷೆಗಾರ ನಗುತ್ತಿದ್ದ, ಸಾಲಿನ ಕೊನೆಯ ಮೇಜಿನವರೂ ಕತ್ತು ಹೊರಳಿಸಿ ನಗುತ್ತಿದ್ದರು, ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಅವನಿಗನ್ನಿಸಿತು. ಅವನೂ ನಕ್ಕ. ನಗು ಚೆನ್ನಾಗಿಯೇ ಬಂತು. ಅಷ್ಟು ಚೆನ್ನಾಗಿ ಬಂದದ್ದಕ್ಕೇ ಅವನಿಗೆ ಹೇಸಿಗೆಯಾಯಿತು.

ಸದ್ದು ಕೇಳಿ ಮುಖ್ಯಸ್ಥರು ಗಾಜಿನ ಕೋಣೆಯಿಂದ ಹೊರಬಂದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಮಾತ್ರ ಎರಡು ಸಲ ಹಾಕಿಸಿ ಕೇಳಿ, ಕನ್ನಡಕ ತೆಗೆದು ಒರೆಸುತ್ತಾ, "ನಮ್ಮ ಹೀಟರ್ ನೀರು ಕಾದಾಗ ಕುಯ್ಯೋ ಅನ್ನತ್ತಲ್ಲ, ಅದರ ಬದಲು ಇದನ್ನ ಹಾಕಿದ್ರೆ ಹೇಗಯ್ಯಾ?" ಎಂದರು. ನಕ್ಷೆಗಾರ ಕುಣಿದೇಬಿಟ್ಟ. "ಯಾರದ್ದು ಇದು? ನಾಳೆ ಯಾರಾದ್ರೂ ನಂದು ಅಂತ ತಗಾದೆ ತೆಗೆದ್ರೆ?" ಎಂದರು ಮುಖ್ಯಸ್ಥರು. "ಯಾರದ್ದೂ ಅಲ್ಲ ಸಾರ್. ಹಾಕಿದೋರೇ ಬರೆದಿದ್ದಾರೆ ನೋಡಿ, ಒಡೆಯರಿಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಿ ಅಂತ." ನಕ್ಷೆಗಾರ ಓದಿದ್ದು ಅವನದೇ ವಾಕ್ಯ. ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಅದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಸೂಚನೆಯ ಹಾಗಿತ್ತು. ಮುಖ್ಯಸ್ಥರು ಅವನ ಕಡೆ ತಿರುಗಿದರು. "ನೀವು ಕೈಪಿಡೀಲಿ ಒಂದು ಸಾಲು ಸೇರಿಸಿಡಿ. ನಾಳೆ ಬೆಳಿಗ್ಗೆ ಮೇಲಿನವರಿಗೆ ತೋರಿಸ್ತೀನಿ." ಅವನು ತಲೆಯಾಡಿಸಿದ. ತಲೆಯಾಡಿಸಿ, ಕೂತು, ಬರೆದ. ನೀರು ಕಾದಾಗ ಯಂತ್ರವು ನಿಮ್ಮನ್ನು ಹಾಡಿ ಕರೆಯುತ್ತದೆ. ಬೆರಳುಗಳು ತಮ್ಮ ಪಾಡಿಗೆ ತಾವು ಬರೆದವು. ವಾಕ್ಯ ಚೆನ್ನಾಗಿದೆ ಎಂದು ಅವನೊಳಗೆ ಯಾರೋ ಅಂದುಕೊಂಡದ್ದೂ ಅವನಿಗೆ ಕೇಳಿಸಿತು.

"ಯಾಕ್ ಸಾರ್, ಮುಖ ಒಂಥರಾ ಆಗಿದೆ?" ಎಂದ ನಕ್ಷೆಗಾರ. "ಹಲ್ಲು ನೋವು" ಎಂದು ಹೇಳಿ ಅವನು ಮೆಟ್ಟಿಲ ಕಡೆ ನಡೆದ. ಮೆಟ್ಟಿಲ ತಿರುವಿನಲ್ಲಿ, ಒಡೆದ ಕುರ್ಚಿಗಳನ್ನು ಪೇರಿಸಿಟ್ಟ ಜಾಗದಲ್ಲಿ ನಿಂತು ಕಟ್ಟೆ ತೆರೆದು ತಾನು ಹಾಕಿದ್ದನ್ನು ಅಳಿಸಿದ. ಅಳಿಸುವುದು ತೀರ ಸುಲಭವಿತ್ತು. ಅಷ್ಟು ಸುಲಭವಾಗಿ ಅಳಿಸಿದ್ದಕ್ಕೆ ಬೆಲೆಯಿಲ್ಲವೆಂದು ಅವನಿಗೆ ಅಳಿಸುವಾಗಲೇ ಗೊತ್ತಿತ್ತು. ನಲ್ಲಿ ಬೇರೆ ಬೇರೆ ಕಡೆ ಕುಣಿಯುತ್ತಲೇ ಇತ್ತು. ಒಂದು ಕಡೆ ಅದಕ್ಕೆ ಮೀಸೆ ಬಂದಿತ್ತು, ಇನ್ನೊಂದು ಕಡೆ ಒಂದು ನಾಯಿ ಅದರ ಜೊತೆ ಊಳಿಡುತ್ತಿತ್ತು. ಒಂದೊಂದಕ್ಕೂ ದೂರು ಕೊಡಬಹುದಿತ್ತು. ಕೊಡಲು ಹೋದರೆ ದೂರಿನ ಪುಟ, 'ಈ ಧ್ವನಿ ನಿಮ್ಮದೇ?' ಎಂದು ಕೇಳುತ್ತಿತ್ತು. ಕೊನೆಗೆ ಅವನು ಯಾರನ್ನು ಕೇಳಬಾರದಿತ್ತೋ ಅವನನ್ನೇ ಕೇಳಿದ. ಹಳೇಕೋಟಿಗೆ ಖಾಸಗಿಯಾಗಿ ಬರೆದ: ಅದು ನನ್ನ ಅಕ್ಕನ ದನಿ. ಎಲ್ಲ ಕಡೆ ಹಬ್ಬಿದೆ. ತೆಗೆಸುವುದು ಹೇಗೆ? ಬರೆದು, ಚುಚ್ಚುಮಾತಿಗೆ ಮೈ ಬಿಗಿಹಿಡಿದು ಕಾದ. ಹಿಂದೆ ಎಷ್ಟು ಸಲ ಇವನನ್ನು ಗೊಡ್ಡು, ಗುಮಾಸ್ತ, ಕಂಪನಿಗಳ ಬಾಲ ಎಂದು ಕರೆದಿದ್ದನೋ. ಉತ್ತರ ಬೇಗ ಬಂತು. 'ತೆಗೆಸಬಹುದು. ದೂರು ಅವರೇ ಕೊಡಬೇಕು. ದನಿ ಅವರದು, ನಿಮ್ಮದಲ್ಲ. ಅವರಿಗೆ ಬರೆಯಲು ಆಗದಿದ್ದರೆ ನೀವು ತುಂಬಿಕೊಡಬಹುದು. ಆದರೆ ಒತ್ತುವ ಬೆರಳು ಅವರದೇ ಆಗಿರಬೇಕು. ಹೇಗೆ ಮಾಡಬೇಕೆಂದು ಕೆಳಗೆ ಬರೆದಿದ್ದೇನೆ.' ಕೆಳಗೆ ನಿಜವಾಗಿಯೂ ಬರೆದಿದ್ದ, ಒಂದು ಒಳ್ಳೆಯ ಕೈಪಿಡಿಯಷ್ಟು ಸ್ಪಷ್ಟವಾಗಿ. ನಾನು ಆವತ್ತೇ ಹೇಳಿರಲಿಲ್ಲವೇ ಎಂಬ ಒಂದು ಮಾತೂ ಇರಲಿಲ್ಲ. ಅದಿದ್ದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವನು ಮೇಲೆ ಹೋಗಿ ಹೀಟರಿನ ಹಾಡುವ ಸಾಲನ್ನು ಅಳಿಸಿ, ಗಾಜಿನ ಬಾಗಿಲು ತಟ್ಟಿದ. "ಸಾರ್, ಆ ಹಾಡಿಗೆ ಒಡೆಯರಿದ್ದಾರೆ." "ಹೌದಾ? ಯಾರಂತೆ?" "ಕೇಳಿ ಹೇಳ್ತೀನಿ. ಸ್ವಲ್ಪ ಬೇಗ ಮನೆಗೆ ಹೋಗಬೇಕಿತ್ತು." "ಹಲ್ಲು ನೋವಂತಲ್ಲ? ಹೋಗಿ ಹೋಗಿ, ಕೀಳಿಸಿಬಿಡಿ" ಎಂದರು ಮುಖ್ಯಸ್ಥರು.

ಬಸ್ಸಿನಲ್ಲಿ ಎಲ್ಲರ ಕಿವಿಯಲ್ಲೂ ಏನೋ ಇತ್ತು. ಕಿಟಕಿಯ ಪಕ್ಕ ಕೂತ ಕಾಲೇಜು ಹುಡುಗಿ ಮಂಡಿಯ ಮೇಲೆ ಬೆರಳಾಡಿಸುತ್ತಿದ್ದಳು, ಅವಳ ತಾಳ ಅದೇ ತಾಳವೋ ಎಂದು ಅವನು ಎಣಿಸತೊಡಗಿದ. ಅಕ್ಕ ಮೊದಲಿನ ಅಕ್ಕನಾಗಿದ್ದರೆ ಇದಕ್ಕೆ ಏನನ್ನುತ್ತಿದ್ದಳು? ಏನಾದರೂ ಅಂದೇ ಅನ್ನುತ್ತಿದ್ದಳು, ಬಸ್ಸು ಪೂರ್ತಿ ನಗುವ ಹಾಗೆ. ಅಪ್ಪ ಸತ್ತ ವರ್ಷ ಅವನು ಮನೆಯ ರೇಡಿಯೋ ಬಿಚ್ಚಿ ಜೋಡಿಸಲಾಗದೆ ತಿರುಪುಗಳನ್ನೆಲ್ಲ ದಿಂಬಿನ ಕೆಳಗೆ ಅಡಗಿಸಿಟ್ಟಿದ್ದ. ಅಕ್ಕ ಅದನ್ನು ಕಂಡುಹಿಡಿದು ಬೈಯಲಿಲ್ಲ, "ಅಮ್ಮಾ, ಇವತ್ತಿಂದ ವಾರ್ತೆ ಇವನ ತಲೆದಿಂಬಲ್ಲಿ ಬರತ್ತೆ, ಎಲ್ಲರೂ ಬಂದು ಕಿವಿಗೊಡಿ" ಎಂದಿದ್ದಳು. ಅಪ್ಪ ಸತ್ತ ಮೇಲೆ ಅಮ್ಮ ಮೊದಲ ಸಲ ನಕ್ಕದ್ದು ಆವಾಗ. ಅದು ಅವನಿಗೆ ಈವರೆಗೂ ಅವಮಾನವಾಗಿಯೇ ನೆನಪಿತ್ತು. ಅಮ್ಮ ಅಂದು ನಕ್ಕಿದ್ದಳೆಂಬುದು ಈಗ, ಬಸ್ಸು ಬ್ರೇಕು ಹಾಕಿದಾಗ, ಕಂಬಿ ಹಿಡಿದು ಮುಂದಕ್ಕೆ ವಾಲಿದಾಗ ನೆನಪಾಯಿತು.

ಮನೆಯ ಮೆಟ್ಟಿಲಲ್ಲಿ ಟೀಚರು ಎದುರಾದಳು, ಪಾಠ ಮುಗಿಸಿ ಇಳಿಯುತ್ತಿದ್ದಳು. ಸಾಮಾನ್ಯವಾಗಿ ಅವನನ್ನು ಕಂಡರೆ ಇವತ್ತು ಏನೇನು ಬಂತು ಎಂದು ಉತ್ಸಾಹದಿಂದ ಹೇಳುವವಳು ಇಂದು ಚೀಲವನ್ನು ಎದೆಗೆ ಅಡ್ಡ ಹಿಡಿದು ನಿಂತಳು. "ಬೆಳಿಗ್ಗೆ ಇನ್ನೊಬ್ಬ ಪೇಶೆಂಟ್ ಮನೆಗೆ ಹೋಗಿದ್ದೆ. ಅವರ ಮೊಮ್ಮಗಳು ಹಾಕ್ಕೊಂಡು ಕುಣೀತಿದ್ಲು. ನಾನು ಕಲಿಸಿದ ದನಿ ನಂಗೆ ಗೊತ್ತಾಗಲ್ವಾ?" ಅವನು ಗೋಡೆ ನೋಡಿದ. "ನೀವೇ ಹಾಕಿದ್ದಾ?" "ಹೂಂ." "ಅವರಿಗೆ ಗೊತ್ತಾ?" "ಇಲ್ಲ. ನೀವು... ನೀವು ರಾಗ ಹಾಕಿದ್ದು. ನಿಮಗೂ ಹಕ್ಕಿದೆ. ನೀವು ಒಂದು ದೂರು ಕೊಟ್ಟರೆ—" ತಾನು ಏನು ಹೇಳುತ್ತಿದ್ದೇನೆಂದು ಹೇಳುವಾಗ ತಿಳಿದು ಅವನು ನಿಲ್ಲಿಸಿದ. ಟೀಚರು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ನಾನು ಕೊಟ್ಟಿದ್ದು ಎರಡು ಸ್ವರ. ಎಲ್ಲರಿಗೂ ಅದೇ ಎರಡು ಕೊಡೋದು. ಕೊನೇದು ಮೇಲೆ ಹೋಗತ್ತಲ್ಲ, ಅದು ಅವರೇ ಹಾಕಿದ್ದು. ನಾನು ತಿದ್ದೋಕೆ ಹೋದೆ, ಮೇಜು ಕುಟ್ಟಿ ಬೇಡ ಅಂದ್ರು." ಎರಡು ಮೆಟ್ಟಿಲು ಇಳಿದು ತಿರುಗಿದಳು. "ನಾನು ಹೇಳಲ್ಲ. ನೀವೇ ಹೇಳಿ. ನಾಳೆ ನಾನು ಬರೋಷ್ಟರಲ್ಲಿ ಹೇಳಿರಬೇಕು. ಇಲ್ಲಾಂದ್ರೆ ಅವರ ಮುಖ ನೋಡ್ಕೊಂಡು ಹಾಡಿಸೋಕೆ ನನ್ನ ಕೈಲಾಗಲ್ಲ."

ಅಡುಗೆಮನೆಯ ಮೇಜಿನ ಮುಂದೆ ಕೂತು ಅವನು ಫೋನಿನಲ್ಲಿ ದೂರಿನ ಪುಟ ತೆರೆದ. ಅಕ್ಕನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು, ಆಮೇಲೆ ಸದ್ದಿಲ್ಲ. ಅಕ್ಕನ ಹೆಸರು ತುಂಬಿದ. ಅಕ್ಕನ ವಯಸ್ಸು ತುಂಬಿದ. ಈ ಧ್ವನಿಯ ಒಡೆಯರು ನಾನೇ ಎಂಬಲ್ಲಿ ಒಂದು ಖಾಲಿ ಚೌಕ ಇತ್ತು. ಅದನ್ನು ಒತ್ತಿದರೆ ಮುಗಿಯಿತು. ಹೇಳದೆ ಹಾಕಿದ್ದನ್ನು ಹೇಳದೆಯೇ ತೆಗೆದರೆ ಲೆಕ್ಕ ಸರಿಹೋಗುತ್ತದೆ, ಅಕ್ಕನಿಗೆ ನೋವಿಲ್ಲ, ಟೀಚರಿಗೆ ಹೇಳಿದೆ ಎಂದರಾಯಿತು, ಅಕ್ಕನೇನು ಎದ್ದು ಇಲ್ಲ ಎನ್ನುತ್ತಾಳೆಯೇ. ಅಕ್ಕ ಇಲ್ಲ ಎನ್ನಲಾರಳು ಎಂಬ ಈ ಕೊನೆಯ ಮಾತು ಎಷ್ಟು ಹಗುರಾಗಿ, ಎಷ್ಟು ಅಭ್ಯಾಸದಿಂದ ಬಂದು ಕೂತಿತೆಂದರೆ, ಅವನು ಬೆರಳನ್ನು ಗಾಳಿಯಲ್ಲೇ ಹಿಡಿದು ಅದನ್ನು ನೋಡಿದ. ಇದೇ ಮಾತು ಭಾನುವಾರ ಮಧ್ಯಾಹ್ನವೂ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೂ ಇತ್ತು. ಅಷ್ಟರಲ್ಲಿ ಊರುಗೋಲಿನ ಸದ್ದು, ಎಳೆಯುವ ಕಾಲಿನ ಸದ್ದು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಡಗೈಯಿಂದ ಬಾಗಿಲ ಚೌಕಟ್ಟಿಗೆ ತಾಳ ತಟ್ಟುತ್ತ, "ಊ...ಟ ಆ...ಯ್ತಾ" ಎಂದಳು. ಈ ಹೊತ್ತಲ್ಲದ ಹೊತ್ತಿನಲ್ಲಿ ಅವನು ಮನೆಗೆ ಬಂದದ್ದಕ್ಕೆ ಏನಾಯ್ತು ಎಂದು ಕೇಳಲು ಅವಳ ಬಳಿ ಇದ್ದ ಹತ್ತಿರದ ವಾಕ್ಯ ಅದೇ.

"ಅಕ್ಕ, ಕೂತ್ಕೋ. ಒಂದು ವಿಷಯ ಇದೆ." ಕುರ್ಚಿ ಎಳೆದುಕೊಟ್ಟ. ಹೇಗೆ ಶುರುಮಾಡುವುದೆಂದು ತಿಳಿಯದೆ ನೇರವಾಗಿ ನಲ್ಲಿಯನ್ನೇ ಹಾಕಿ ಫೋನನ್ನು ಅವಳ ಮುಂದಿಟ್ಟ. ಡ್ರಮ್ಮು ಶುರುವಾಯಿತು. ಅಕ್ಕ ಮೊದಲು ನಲ್ಲಿಯನ್ನು ನೋಡಿ ನಕ್ಕಳು. ಆಮೇಲೆ ದನಿ ಬಂತು. ನಗು ಮುಖದ ಒಂದು ಬದಿಯಲ್ಲಿ ಹಾಗೇ ನಿಂತಿತು, ಕಣ್ಣು ಮಾತ್ರ ಬೇರೆಯಾಯಿತು. ಮುಗಿದಾಗ ಬೆರಳಿನಿಂದ ಮತ್ತೆ ಎಂದು ತೋರಿಸಿದಳು. ಅವನು ಮತ್ತೆ ಹಾಕಿದ. ಈ ಸಲ ಅವಳ ಎಡಗೈ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕಿತು, ಡ್ರಮ್ಮು ತಪ್ಪಿದ ಒಂದು ಕಡೆ ಅವಳು ತಪ್ಪದೆ ತಟ್ಟಿದಳು. ಅವನು ಒಂದೇ ಉಸಿರಿಗೆ ಹೇಳಿದ: ಜನ ಹೀಗೆ ಮಾಡಿದ್ದಾರೆ, ಎಲ್ಲ ಕಡೆ ಹಬ್ಬಿದೆ, ನಮ್ಮ ಆಫೀಸಲ್ಲಿ ಹೀಟರಿಗೂ ಹಾಕಬೇಕು ಅಂತಿದ್ದಾರೆ, ನಾನು ಬೇಡ ಅಂತ ಹೇಳ್ತೀನಿ, ಇಲ್ಲಿ ಒಂದು ದೂರಿನ ಪುಟ ಇದೆ, ನೀನು ಒಂದು ಸಲ ಒತ್ತಿದ್ರೆ ಸಾಕು, ಎಲ್ಲ ತೆಗೆದುಬಿಡ್ತಾರೆ. ಹೀಟರು ಎಂದಾಗ ಅಕ್ಕನ ಗಂಟಲಿನಿಂದ ಒಂದು ನಿಜವಾದ ನಗು ಹೊರಬಂತು, ಹಳೆಯ ನಗು. ಆದರೆ ಅವಳು ಒತ್ತಲಿಲ್ಲ. ನಲ್ಲಿಯ ಕೆಳಗೆ ಜನ ಬರೆದದ್ದರ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು. ಅಕ್ಷರಗಳು ಅವಳಿಗೆ ಇನ್ನೂ ಪೂರ್ತಿ ಮರಳಿರಲಿಲ್ಲ. ಓದು ಎನ್ನುತ್ತಿದ್ದಳು.

"ಏನೇನೋ ಬರೆದಿದ್ದಾರೆ, ಬಿಡು ಅಕ್ಕ." ಬೆರಳು ಕದಲಲಿಲ್ಲ. ಅವನು ಓದಿದ. "ನಮ್ಮ ಬೀದಿ ನಲ್ಲೀಲಿ ನೀರು ಬರದೇ ಇದ್ದಾಗ ನಾವೂ ಹೀಗೇ ಹಾಡ್ತೀವಿ." ಅಕ್ಕ ನಕ್ಕಳು. "ಈಯಮ್ಮಂಗೆ ಯಾರಾದ್ರೂ ಒಂದು ಲೋಟ ಕೊಡ್ರಪ್ಪಾ." ಅಕ್ಕ ಅವನ ಕಡೆ ಬೆರಳು ತೋರಿಸಿ ಇನ್ನೂ ಜೋರಾಗಿ ನಕ್ಕಳು. ಆವತ್ತು ನೀರು ಕೊಡಲು ಮರೆತವನು ಅವನೇ ಎಂಬುದು ಅವಳಿಗೆ ನೆನಪಿತ್ತು. ಮುಂದಿನದನ್ನು ಅವನು ನುಂಗಿಕೊಂಡು ಕೆಳಗಿನದಕ್ಕೆ ಹಾರಿದ. ಅಕ್ಕ ಮೇಜು ಕುಟ್ಟಿದಳು. ಅವನು ಹಿಂದೆ ಹೋಗಿ ಓದಬೇಕಾಯಿತು. "ಕುಡಿದ ಮತ್ತಲ್ಲಿದ್ದಾಳೆ, ಇನ್ನೆಂಥ ನೀರು." ತನ್ನ ಬಾಯಿಂದ ಆ ಮಾತು ಅಕ್ಕನ ಮುಖಕ್ಕೆ ಹೋಗುವುದನ್ನು ಅವನು ನೋಡಿದ. ಅಕ್ಕ ಭುಜ ಹಾರಿಸಿದಳು, ವಿಚಾರಣೆ ಕಿಟಕಿಯಲ್ಲಿ ಇದಕ್ಕಿಂತ ಕೆಟ್ಟದ್ದು ಕೇಳಿದವಳು. ಬೆರಳು ಇನ್ನೂ ಕೆಳಗೆ ಜಾರಿ ಒಂದು ಕಡೆ ನಿಂತಿತು. ಅಲ್ಲಿ ಯಾರೋ ಮೂಲದ್ದು ಎಂದು ಕಟ್ಟೆಯ ಮಾತುಗಳನ್ನೇ ತಂದು ಅಂಟಿಸಿದ್ದರು, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಬಂದಿತ್ತು. ಅಕ್ಕ ಕಾದಳು. ಅವನು ಓದಿದ, ಆದಷ್ಟು ಬೇಗ, ಕೈಪಿಡಿಯ ಕೊನೆಯ ಪುಟದ ಸಣ್ಣ ಅಕ್ಷರ ಓದುವ ಹಾಗೆ. "ಅವರನ್ನು ಕೇಳಿದ್ದೀರಾ? ಅದಕ್ಕೆ ತಿರುಪು ಅನ್ನೋರ ಉತ್ತರ: ಬೀಸುವ ಮೊದಲು ಗಾಳಿ ಮರವನ್ನು ಕೇಳುತ್ತದೆಯೇ?"

ಅಕ್ಕ ಮೇಜಿನ ಮೇಲಿದ್ದ ತನ್ನ ಬಲಗೈ ನೋಡಿದಳು, ಬೆರಳು ಮಡಚಿಕೊಂಡು, ಎಲ್ಲಿಟ್ಟರೆ ಅಲ್ಲೇ ಇರುವ ಕೈ. ಆಮೇಲೆ ಅವನನ್ನು ನೋಡಿದಳು. ಎಡಗೈ ಎರಡು ಸಲ ತಟ್ಟಿತು. "ಯಾ...ರು?" ಈ ಮಾತು ಅವಳಿಗೆ ಟೀಚರು ಕಲಿಸಿದ್ದಳು, ಬಾಗಿಲು ತಟ್ಟಿದವರನ್ನು ಕೇಳಲಿಕ್ಕೆ. ಸುಳ್ಳು ಹೇಳಲು ಜಾಗವಿತ್ತು. ಪೆಟ್ಟಿಗೆಯಷ್ಟು ಸಣ್ಣ ಅಡುಗೆಮನೆಯಲ್ಲಿ ಮಧ್ಯಾಹ್ನದ ಬಿಸಿಲು ಗೋಡೆಯಿಂದ ಇಳಿದು ಪಾತ್ರೆಯ ಸ್ಟ್ಯಾಂಡಿಗೆ ಬಂದಿತ್ತು. "ನಾನು" ಎಂದ. "ನಾನೇ ಅಕ್ಕ. ಹಾಕಿದ್ದೂ ನಾನೇ, ಬರೆದದ್ದೂ ನಾನೇ. ಯಾವುದೋ ವಾದದಲ್ಲಿ..." ಆ ವಾದವನ್ನು ವಿವರಿಸಲು ಹೊರಟು, ಹಕ್ಕು, ಒಡೆತನ, ತಂತ್ರಜ್ಞಾನ ಎಂಬ ಪದಗಳು ಬಾಯಿಗೆ ಬರುತ್ತಿದ್ದಂತೆ ಅವುಗಳ ರುಚಿಯೇ ಸೇರದೆ ಬಿಟ್ಟ. "ಕ್ಷಮಿಸು. ಒತ್ತಿಬಿಡು. ಈಗಲೇ ಹೋಗಿಬಿಡತ್ತೆ." ಫೋನಿನಲ್ಲಿ ದೂರಿನ ಪುಟ ತೆರೆದು, ಅವಳ ಎಡಗೈ ಹಿಡಿದು ಆ ಖಾಲಿ ಚೌಕದ ಕಡೆ ಒಯ್ಯಲು ಹೋದ. ಅಕ್ಕ ಕೈ ಕಿತ್ತುಕೊಂಡಳು. ಇಷ್ಟು ಬಲ ಆ ಕೈಯಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಫೋನನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ, ಕುತ್ತಿಗೆಯ ನರ ಉಬ್ಬಿತು. ಸಹಾಯಕ್ಕೆಂದು ಅವನು 'ಏನು, ಬೇಡವಾ?' ಎಂದದ್ದಕ್ಕೆ ಮೇಜನ್ನು ಫಟ್ಟನೆ ಕುಟ್ಟಿ ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಕಣ್ಣು ಮುಚ್ಚಿ, ತಾಳ ಹಿಡಿದು, ಒಂದೊಂದೇ ಅಕ್ಷರವನ್ನು ಕೆಸರಿನಿಂದ ಕಾಲು ಕೀಳುವ ಹಾಗೆ ಕಿತ್ತು ಹಾಡಿದಳು. "ನಾ...ನು... ನೋ...ಡ್ತೀ...ನಿ." ಉಸಿರು ತೆಗೆದುಕೊಂಡಳು. "ನೀ...ನು... ಹೋ...ಗು."

ಈ ಎರಡನ್ನೂ ಟೀಚರು ಕಲಿಸಿರಲಿಲ್ಲ. ಟೀಚರಿಗೆ ಹೇಳಬೇಕು ಎಂದು ಒಂದು ಕ್ಷಣ, ಮಗುವಿನ ಹಾಗೆ, ಅವನಿಗೆ ಸಂಭ್ರಮವಾಯಿತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು, ಫೋನು ಅಲ್ಲಿರಲಿಲ್ಲ. ಆಮೇಲೆ ಮಾತಿನ ಅರ್ಥ ಅವನನ್ನು ತಲುಪಿತು. ಎಲ್ಲಿಗೆ ಹೋಗಬೇಕು, ಕೋಣೆಯಿಂದಲೋ, ಮನೆಯಿಂದಲೋ? ಕೇಳಲು ಧೈರ್ಯವಾಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಬಂದು ಮೆಟ್ಟಿಲ ಬಳಿ ನಿಂತ. ಒಳಗೆ ಊರುಗೋಲು ಬಾಗಿಲವರೆಗೆ ಬಂತು. ಚಿಲಕದೊಂದಿಗೆ ಎಡಗೈ ಸೆಣಸುವ ಸದ್ದು ಬಹಳ ಹೊತ್ತು ಕೇಳಿಸಿತು. ಒಳಗಿನಿಂದ ಚಿಲಕ ಬಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡ. ಮುಗಿದಿರಲಿಲ್ಲ. ಬಾಗಿಲ ಹಲಗೆಯ ಮೇಲೆ ತಾಳ ಶುರುವಾಯಿತು. "ಮ...ರ" ಎಂದಳು ಅಕ್ಕ ಒಳಗಿನಿಂದ. ತಡೆದಳು. "ನಾ...ನು ಮ...ರ?" ತಾಳ ತಪ್ಪಿತು, ಬೈದುಕೊಂಡಂತೆ ಏನೋ ಗೊಣಗಿ ಮತ್ತೆ ಹಿಡಿದಳು. ಒಂದು ಮಾತು ಸಿಗದಿದ್ದಾಗ ಆ ಜಾಗದಲ್ಲಿ ಬರೀ ರಾಗ ಹಾಕಿ ಮುಂದೆ ಹೋಗುತ್ತಿದ್ದಳು. ಸಿಕ್ಕ ಮಾತು ಹರಿದು, ಅಕ್ಷರ ಅದಲುಬದಲಾಗಿ, ಬಾಗಿಲಿಗೆ ಬಡಿದು ಬಡಿದು ಬರುತ್ತಿತ್ತು. ನಾಚಿಕೆ ಎಂದಳು. ತಮ್ಮ ಎಂದಳು, ಆ ಪದಕ್ಕೆ ಎಷ್ಟು ಕಡಿದಾದ ರಾಗ ಹಾಕಿದಳೆಂದರೆ ಅದು ಬೈಗುಳದ ಹಾಗೆ ಕೇಳಿಸಿತು. ಬಾಯಿಲ್ಲ ಅಂತ, ಬಾಯಿಲ್ಲ ಅಂತ ಎಂದು ಎರಡು ಸಲ ಹತ್ತಿ, ಮೂರನೆಯ ಸಲ ಅದರ ಮುಂದಿನ ಮಾತಿಗಾಗಿ ಹುಡುಕುತ್ತ ನಿಂತಳು. ಅವನು ಹೊರಗೆ ನಿಂತು ಆ ಮಾತು ಏನೆಂದು ತಿಳಿದೂ ಹೇಳಿಕೊಡದೆ ಹಲ್ಲು ಕಚ್ಚಿದ. ಅವಳೇ ಹುಡುಕಿದಳು. "ತ...ಗೊಂ...ಡ್ಯಾ?"

ಮೇಲಿನ ಮಹಡಿಯ ಹೆಂಗಸು ತರಕಾರಿ ಚೀಲ ಹಿಡಿದು ಹತ್ತಿ ಬಂದಳು. ಮುಚ್ಚಿದ ಬಾಗಿಲನ್ನೂ ಅದರ ಹೊರಗೆ ನಿಂತ ಅವನನ್ನೂ ನೋಡಿ, ಕಿವಿಗೊಟ್ಟು, ಮುಖ ಅರಳಿಸಿದಳು.

"ಅಕ್ಕ ಹಾಡು ಕಲೀತಿದ್ದಾರಾ?"

"ಇಲ್ಲ" ಎಂದ ಅವನು. "ನನಗೆ ಬೈತಿದ್ದಾಳೆ."

ಹೆಂಗಸಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಮೇಲೆ ಹೋದಳು. ಒಳಗೆ ಅಕ್ಕ ನೀರು ಕುಡಿದು ಬಂದಿರಬೇಕು, ಲೋಟ ಇಟ್ಟ ಸದ್ದಾಯಿತು, ತಾಳ ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಒಂದು ಮೆಟ್ಟಿಲು ಕೆಳಗಿಳಿದು ಕೂತುಕೊಂಡ. ಈ ಸಲ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ.